ಕೆಲಸವನ್ನು ಮನುಷ್ಯನಿಗೆ ಹೊಂದಿಸುವ ವೃತ್ತಿ



ನಿಮ್ಮ ತರಗತಿಯ ಬೆಂಚುಗಳನ್ನು ಒಮ್ಮೆ ನೆನಪಿಗೆ ತಂದುಕೊಳ್ಳಿ. ಎಂಟನೆಯ ತರಗತಿಯ ಗಿಡ್ಡ ಹುಡುಗನಿಗೂ ಹತ್ತನೆಯ ತರಗತಿಯ ಎತ್ತರದ ಹುಡುಗನಿಗೂ ಬಹುಮಟ್ಟಿಗೆ ಒಂದೇ ಅಳತೆಯ ಬೆಂಚು. ಒಬ್ಬನ ಪಾದ ನೆಲ ಮುಟ್ಟುವುದಿಲ್ಲ. ಇನ್ನೊಬ್ಬನ ಮೊಣಕಾಲು ಡೆಸ್ಕಿಗೆ ತಾಗುತ್ತದೆ. ಸಂಜೆಯ ಹೊತ್ತಿಗೆ ಇಬ್ಬರ ಬೆನ್ನೂ ನೋಯುತ್ತದೆ. ‘ನೆಟ್ಟಗೆ ಕುಳಿತುಕೊಳ್ಳೋ’ ಎಂದು ಮೇಷ್ಟರು ಗದರಿಸುತ್ತಾರೆ. ಇಲ್ಲಿ ತಪ್ಪು ಹುಡುಗನದೋ ಬೆಂಚಿನದೋ? ಈ ಪ್ರಶ್ನೆಯನ್ನು ಕೇಳುವುದನ್ನೇ ವೃತ್ತಿಯಾಗಿ ಮಾಡಿಕೊಂಡವರು ಇದ್ದಾರೆ. ಅವರನ್ನು ಎರ್ಗಾನಮಿಸ್ಟ್ ಎಂದು ಕರೆಯುತ್ತಾರೆ. ಅವರು ಓದಿದ ಶಾಸ್ತ್ರ ಎರ್ಗಾನಮಿಕ್ಸ್. ಕನ್ನಡದಲ್ಲಿ ಇದಕ್ಕೆ ದಕ್ಷತಾಶಾಸ್ತ್ರ ಎಂಬ ಹೆಸರು ಬಳಕೆಯಲ್ಲಿದೆ. ಆದರೆ ದಕ್ಷತೆಯೊಂದೇ ಇದರ ಗುರಿಯಲ್ಲವಾದ್ದರಿಂದ ನಾನು ಇಲ್ಲಿ ಎರ್ಗಾನಮಿಕ್ಸ್ ಎಂಬ ಮಾತನ್ನೇ ಉಪಯೋಗಿಸುತ್ತೇನೆ.

‘ಎರ್ಗಾನ್’ ಎಂದರೆ ಗ್ರೀಕ್ ಭಾಷೆಯಲ್ಲಿ ಕೆಲಸ. ‘ನೊಮೋಸ್’ ಎಂದರೆ ನಿಯಮ. ಈ ಎರಡನ್ನು ಕೂಡಿಸಿ ಪೋಲೆಂಡಿನ ವಿಜ್ಞಾನಿ ಯಾಸ್ಟ್ರೆಂಬೊವ್ಸ್ಕಿ 1857ರಲ್ಲಿಯೇ ಹೊಸ ಪದವೊಂದನ್ನು ಟಂಕಿಸಿದ್ದರು. ಅದು ಬಹುಕಾಲ ಮರೆಯಾಗಿದ್ದು, 1949ರಲ್ಲಿ ಬ್ರಿಟನ್ನಿನ ಮರೆಲ್ ಎಂಬ ವಿಜ್ಞಾನಿಯ ಮೂಲಕ ಮತ್ತೆ ಬಳಕೆಗೆ ಬಂದಿತು. ವಿಷಯ ಮಾತ್ರ ಅದಕ್ಕಿಂತ ಹಳೆಯದು. ಇಟಲಿಯ ವೈದ್ಯ ರಾಮಾಜ್ಜಿನಿ 1700ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಗಣಿಯವರು, ಕುಂಬಾರರು, ನೇಕಾರರು, ಬರೆಯುವ ಗುಮಾಸ್ತರು ಮುಂತಾದವರಿಗೆ ಅವರವರ ಕೆಲಸದಿಂದಲೇ ಬರುವ ಕಾಯಿಲೆಗಳನ್ನು ವಿವರಿಸಿದ್ದ. ಮನುಷ್ಯ ಮಾಡುವ ಕೆಲಸ ಅವನ ಮೈಮೇಲೆ ಗುರುತು ಬಿಡುತ್ತದೆ ಎಂಬ ತಿಳಿವಳಿಕೆಯೇ ಈ ಶಾಸ್ತ್ರದ ಬೇರು.

ಇದು ಒಂದು ಪ್ರತ್ಯೇಕ ಶಾಸ್ತ್ರವಾಗಿ ಬೆಳೆದದ್ದು ಎರಡನೆಯ ಮಹಾಯುದ್ಧದ ಕಾಲದಲ್ಲಿ. ಅಮೆರಿಕದ ಬಿ-17 ಬಾಂಬರ್ ವಿಮಾನಗಳು ಸುರಕ್ಷಿತವಾಗಿ ನೆಲಕ್ಕಿಳಿದ ಮೇಲೂ ಕೆಲವೊಮ್ಮೆ ಇದ್ದಕ್ಕಿದ್ದಂತೆ ಹೊಟ್ಟೆಯ ಮೇಲೆ ಕುಸಿಯುತ್ತಿದ್ದವು. ಪೈಲಟ್ಟುಗಳು ರೆಕ್ಕೆಯ ಫ್ಲ್ಯಾಪನ್ನು ಮಡಿಸುವ ಬದಲು ಚಕ್ರಗಳನ್ನೇ ಮಡಿಸಿಬಿಡುತ್ತಿದ್ದರು. ಮೇಲಧಿಕಾರಿಗಳು ಇದನ್ನು ‘ಪೈಲಟ್ಟಿನ ತಪ್ಪು’ ಎಂದು ಬರೆದುಕೊಂಡರು. ಅಲ್ಫಾನ್ಸ್ ಚಪಾನಿಸ್ ಎಂಬ ಯುವ ಮನೋವಿಜ್ಞಾನಿ ಹೋಗಿ ವಿಮಾನದ ಒಳಗೆ ನೋಡಿದಾಗ ಕಂಡದ್ದು ಬೇರೆ. ಎರಡು ಹಿಡಿಕೆಗಳೂ ಅಕ್ಕಪಕ್ಕದಲ್ಲಿದ್ದವು, ಒಂದೇ ಬಗೆಯವಾಗಿದ್ದವು. ದಣಿದ ಕೈಗೆ ವ್ಯತ್ಯಾಸ ತಿಳಿಯುವಂತಿರಲಿಲ್ಲ. ಆತ ಚಕ್ರದ ಹಿಡಿಕೆಯ ತುದಿಗೆ ಪುಟ್ಟ ರಬ್ಬರ್ ಚಕ್ರವನ್ನೂ, ಫ್ಲ್ಯಾಪಿನ ಹಿಡಿಕೆಗೆ ಬೆಣೆಯಾಕಾರದ ತುಂಡನ್ನೂ ಜೋಡಿಸಲು ಸೂಚಿಸಿದ. ಅಪಘಾತಗಳು ನಿಂತವು. ಮನುಷ್ಯರನ್ನು ಬೈಯುವುದರಿಂದ ಆಗದ ಕೆಲಸ ಒಂದು ತುಂಡು ರಬ್ಬರಿನಿಂದ ಆಯಿತು.

ಇದಕ್ಕೆ ಜೊತೆಯಾಗಿ ಇನ್ನೊಂದು ಸಂಗತಿಯನ್ನು ಹೇಳಬೇಕು. ಯುದ್ಧದ ನಂತರ ಅಮೆರಿಕದ ವಾಯುಪಡೆ ತನ್ನ ಸಾವಿರಾರು ಪೈಲಟ್ಟುಗಳ ಮೈ ಅಳತೆ ತೆಗೆಸಿತು. ಗಿಲ್ಬರ್ಟ್ ಡೇನಿಯಲ್ಸ್ ಎಂಬ ಅಧಿಕಾರಿ 4,063 ಮಂದಿಯ ಹತ್ತು ಮುಖ್ಯ ಅಳತೆಗಳನ್ನು ಇಟ್ಟುಕೊಂಡು, ಹತ್ತರಲ್ಲಿಯೂ ಸರಾಸರಿಯ ಆಸುಪಾಸಿನಲ್ಲಿರುವವರು ಎಷ್ಟು ಮಂದಿ ಎಂದು ಎಣಿಸಿದ. 1952ರಲ್ಲಿ ಆತ ಪ್ರಕಟಿಸಿದ ಉತ್ತರ: ಒಬ್ಬರೂ ಇಲ್ಲ! ಕೈ ಉದ್ದವಿದ್ದವನ ಕಾಲು ಗಿಡ್ಡ, ಎದೆ ಅಗಲವಿದ್ದವನ ಸೊಂಟ ಕಿರಿದು. ‘ಸರಾಸರಿ ಮನುಷ್ಯ’ನೆಂಬವನು ಲೆಕ್ಕದ ಪುಸ್ತಕದಲ್ಲಿ ಮಾತ್ರ ಇದ್ದಾನೆ. ಅವನಿಗಾಗಿ ಮಾಡಿದ ಆಸನ ಯಾರಿಗೂ ಸರಿಹೊಂದುವುದಿಲ್ಲ. ಆದ್ದರಿಂದಲೇ ಹಿಂದೆ ಮುಂದೆ, ಮೇಲೆ ಕೆಳಗೆ ಸರಿಸಬಲ್ಲ ಆಸನಗಳಿಗೆ ಬೆಲೆ ಬಂದಿತು. ಕಾರಿನ ಸೀಟನ್ನು ಸರಿಸುವಾಗ ಇದನ್ನು ನೆನಪಿಸಿಕೊಳ್ಳಿ.

ಸರಾಸರಿ ಬೇಡವೆಂದ ಮೇಲೆ ಅಳತೆಯನ್ನು ಆರಿಸುವುದು ಹೇಗೆ? ಇದಕ್ಕೆ ಒಂದು ಸರಳ ಸೂತ್ರವಿದೆ. ಕೈಗೆ ಎಟುಕಬೇಕಾದ್ದನ್ನು ಗಿಡ್ಡವರ ಅಳತೆಗೆ, ಮೈ ತೂರಬೇಕಾದ್ದನ್ನು ದೊಡ್ಡವರ ಅಳತೆಗೆ ಮಾಡಬೇಕು. ಬಸ್ಸಿನ ಮೇಲಿನ ಹಿಡಿಕೆ ಗಿಡ್ಡ ಹೆಂಗಸಿಗೂ ಸಿಗಬೇಕು; ಬಸ್ಸಿನ ಬಾಗಿಲು ಎತ್ತರದ ಗಂಡಸಿಗೂ ತಲೆ ತಾಗದಂತಿರಬೇಕು. ಸಾಮಾನ್ಯವಾಗಿ ನೂರರಲ್ಲಿ ಅತಿ ಗಿಡ್ಡ ಐವರು, ಅತಿ ಎತ್ತರದ ಐವರು ಎಂಬ ಎರಡು ಗಡಿಗಳನ್ನು ಇಟ್ಟುಕೊಳ್ಳುತ್ತಾರೆ. ಸಂಖ್ಯಾಶಾಸ್ತ್ರದಲ್ಲಿ ಇವಕ್ಕೆ ಐದನೆಯ ಮತ್ತು ತೊಂಬತ್ತೈದನೆಯ ಪರ್ಸೆಂಟೈಲ್ ಎಂದು ಹೆಸರು.

ಆದರೆ ಯಾರ ಅಳತೆ? ನಮ್ಮ ದೇಶದ ಯಂತ್ರಗಳೂ ಕುರ್ಚಿಗಳೂ ಬಹುಕಾಲ ಪರದೇಶದವರ ಅಳತೆಯಲ್ಲಿ ತಯಾರಾಗುತ್ತಿದ್ದವು. ಈ ಕೊರತೆಯನ್ನು ತುಂಬಲು ನಮ್ಮವರೂ ಶ್ರಮಿಸಿದ್ದಾರೆ. ಕಲ್ಕತ್ತಾ ವಿಶ್ವವಿದ್ಯಾನಿಲಯದ ಪ್ರೊಫೆಸರ್ ಆರ್.ಎನ್. ಸೇನ್ ಅವರು ಈ ಶಾಸ್ತ್ರವನ್ನು ಭಾರತದಲ್ಲಿ ನೆಲೆಗೊಳಿಸಿದವರಲ್ಲಿ ಪ್ರಮುಖರು. ದೇವಕುಮಾರ್ ಚಕ್ರವರ್ತಿ ಅವರು ಸಂಪಾದಿಸಿದ ಭಾರತೀಯರ ದೇಹದ ಅಳತೆಗಳ ಗ್ರಂಥವನ್ನು ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆ 1997ರಲ್ಲಿ ಹೊರತಂದಿತು. ಕೃಷಿ ಕಾರ್ಮಿಕರ ಅಳತೆ ಮತ್ತು ಬಲದ ಬಗೆಗಿನ ಗ್ರಂಥವನ್ನು ಭೋಪಾಲದ ಕೇಂದ್ರೀಯ ಕೃಷಿ ಎಂಜಿನಿಯರಿಂಗ್ ಸಂಸ್ಥೆ 2009ರಲ್ಲಿ ಪ್ರಕಟಿಸಿತು. ಹೆಂಗಸರ ಕೈಗೆ ಹಿಡಿತ ಸಿಗುವ ಕುಡುಗೋಲು, ಕಳೆ ತೆಗೆಯುವ ಸಾಧನ ಇವುಗಳನ್ನು ರೂಪಿಸಲು ಇಂಥ ಅಂಕಿಅಂಶಗಳೇ ಆಧಾರ.

ಎರ್ಗಾನಮಿಕ್ಸ್ ಎಂದರೆ ಕುರ್ಚಿ ಮೇಜುಗಳ ವಿದ್ಯೆ ಮಾತ್ರ ಎಂದು ಭಾವಿಸಬೇಡಿ. ಅದರಲ್ಲಿ ಮೂರು ಮುಖ್ಯ ಶಾಖೆಗಳಿವೆ. ಮೊದಲನೆಯದು ದೇಹಕ್ಕೆ ಸಂಬಂಧಿಸಿದ್ದು: ಭಂಗಿ, ಭಾರ, ಒಂದೇ ಚಲನೆಯ ಪುನರಾವರ್ತನೆ. ಎರಡನೆಯದು ಮನಸ್ಸಿಗೆ ಸಂಬಂಧಿಸಿದ್ದು: ನೋಡುವುದು, ತಿಳಿಯುವುದು, ನಿರ್ಧರಿಸುವುದು. ಮೂರನೆಯದು ಕೆಲಸದ ವ್ಯವಸ್ಥೆಗೆ ಸಂಬಂಧಿಸಿದ್ದು: ಪಾಳಿ, ವಿರಾಮ, ಕೆಲಸದ ಹಂಚಿಕೆ.

ಎರಡನೆಯ ಶಾಖೆಗೆ ಉದಾಹರಣೆಯಾಗಿ 1979ರ ಮಾರ್ಚ್ 28ರಂದು ಅಮೆರಿಕದ ತ್ರೀ ಮೈಲ್ ಐಲೆಂಡ್ ಅಣುಸ್ಥಾವರದಲ್ಲಿ ನಡೆದ ಅವಘಡವನ್ನು ನೋಡಬಹುದು. ಅಲ್ಲಿ ಒಂದು ಕವಾಟ ತೆರೆದೇ ಉಳಿದಿತ್ತು. ಆದರೆ ನಿಯಂತ್ರಣ ಕೊಠಡಿಯ ದೀಪ ‘ಮುಚ್ಚಿದೆ’ ಎಂಬ ಭಾವನೆ ಕೊಡುತ್ತಿತ್ತು. ಮುಚ್ಚಬೇಕೆಂಬ ಆಜ್ಞೆ ಹೋಯಿತೇ ಎಂಬುದನ್ನು ಮಾತ್ರ ಆ ದೀಪ ತೋರಿಸುತ್ತಿತ್ತೇ ಹೊರತು ಕವಾಟ ನಿಜವಾಗಿ ಮುಚ್ಚಿತೇ ಎಂಬುದನ್ನಲ್ಲ. ನೂರಾರು ದೀಪಗಳ, ಗಂಟೆಗಳ ನಡುವೆ ಕುಳಿತ ಸಿಬ್ಬಂದಿ ದಾರಿ ತಪ್ಪಿದರು. ಆಸ್ಪತ್ರೆಯ ಯಂತ್ರಗಳಲ್ಲಿ, ರೈಲ್ವೆ ಸಿಗ್ನಲ್‌ಗಳಲ್ಲಿ, ನೀವು ದಿನವೂ ಮುಟ್ಟುವ ಮೊಬೈಲ್ ಫೋನಿನ ಪರದೆಯಲ್ಲಿ ಇಂಥ ಪ್ರಶ್ನೆಗಳೇ ಏಳುತ್ತವೆ.

ನಮ್ಮ ನಾಡಿನಲ್ಲಿ ಈ ಶಾಸ್ತ್ರಕ್ಕೆ ಕೆಲಸವೇನು ಎಂದು ಕೇಳುತ್ತೀರಾ? ಕರಾವಳಿಯಲ್ಲಿ ಮೊರವನ್ನು ತೊಡೆಯ ಮೇಲಿಟ್ಟುಕೊಂಡು ಗಂಟೆಗಟ್ಟಲೆ ತಲೆ ಬಾಗಿಸಿ ಬೀಡಿ ಸುತ್ತುವ ಹೆಂಗಸರಿದ್ದಾರೆ. ಬೆಂಗಳೂರಿನ ಸಿದ್ಧ ಉಡುಪು ಕಾರ್ಖಾನೆಗಳಲ್ಲಿ ಒಂದೇ ಹೊಲಿಗೆಯನ್ನು ದಿನವಿಡೀ ಹಾಕುವವರಿದ್ದಾರೆ. ಇಳಕಲ್ಲಿನಲ್ಲಿ ಕುಣಿಮಗ್ಗದ ನೇಕಾರರಿದ್ದಾರೆ, ರಾಮನಗರದಲ್ಲಿ ಬಿಸಿನೀರಿನ ಮುಂದೆ ರೇಷ್ಮೆ ನೂಲು ಬಿಚ್ಚುವವರಿದ್ದಾರೆ, ಗದ್ದೆಯಲ್ಲಿ ಸೊಂಟ ಬಗ್ಗಿಸಿ ನಾಟಿ ಮಾಡುವವರಿದ್ದಾರೆ. ಸಾಫ್ಟ್‌ವೇರ್ ಕಚೇರಿಯಲ್ಲಿ ತಂಪಾದ ಗಾಳಿಯಲ್ಲಿ ಕುಳಿತವನ ಕುತ್ತಿಗೆಯೂ ನೋಯುತ್ತದೆ.

ಮಲೆನಾಡಿನ ಅಡಿಕೆ ತೋಟವನ್ನೇ ತೆಗೆದುಕೊಳ್ಳಿ. ಕೊನೆಗಾರ ಮರ ಹತ್ತಿ, ತುದಿಯಿಂದಲೇ ಪಕ್ಕದ ಮರಕ್ಕೆ ದಾಟಿ ಗೊನೆ ಇಳಿಸುವುದು ಪ್ರಾಣದ ಮೇಲಿನ ಆಟ. ಈಚಿನ ವರ್ಷಗಳಲ್ಲಿ ಕಾರ್ಬನ್ ಫೈಬರಿನ ಹಗುರವಾದ ದೋಟಿ ಬಂದಿದೆ. ನೆಲದ ಮೇಲೆ ನಿಂತೇ ಕೊಯ್ಯಬಹುದು, ಔಷಧ ಹೊಡೆಯಬಹುದು. ಬೀಳುವ ಭಯ ತಪ್ಪಿತು. ಇದು ದೊಡ್ಡ ಲಾಭ. ಆದರೆ ಎರ್ಗಾನಮಿಸ್ಟ್ ಅಲ್ಲಿಗೇ ನಿಲ್ಲುವುದಿಲ್ಲ. ಕತ್ತು ಮೇಲೆತ್ತಿ, ಕೈಗಳನ್ನು ಭುಜಕ್ಕಿಂತ ಮೇಲೆ ಹಿಡಿದು ಎಷ್ಟು ಹೊತ್ತು ನಿಲ್ಲಬೇಕಾಗುತ್ತದೆ, ಭಾರ ಯಾವ ಸ್ನಾಯುವಿನ ಮೇಲೆ ಬೀಳುತ್ತದೆ, ಎಷ್ಟು ಹೊತ್ತಿಗೊಮ್ಮೆ ಬಿಡುವು ಬೇಕು ಎಂದು ಕೇಳುತ್ತಾನೆ. ಕಾಲಿನ ಶ್ರಮ ಕತ್ತಿಗೆ ವರ್ಗವಾಗಿರಬಹುದು. ಹೊಸ ಸಾಧನ ಬಂದಾಗಲೆಲ್ಲ ನೋವು ನಿಜವಾಗಿ ಹೋಯಿತೇ, ಇಲ್ಲವೇ ಜಾಗ ಬದಲಿಸಿತೇ ಎಂದು ನೋಡುವುದು ಈ ವೃತ್ತಿಯ ಮುಖ್ಯ ಪಾಠ.

ಈ ಶಾಸ್ತ್ರದ ಲೆಕ್ಕದ ಒಂದು ಮಾದರಿಯನ್ನೂ ನೋಡೋಣ. ಭಾರ ಎತ್ತುವ ಬಗ್ಗೆ ಅಮೆರಿಕದ ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯ ಸಂಸ್ಥೆಯವರು 1991ರಲ್ಲಿ ಪರಿಷ್ಕರಿಸಿದ ಸೂತ್ರವೊಂದಿದೆ. ಎಲ್ಲವೂ ಅನುಕೂಲವಾಗಿದ್ದಾಗ ಮೇಲ್ಮಿತಿ 23 ಕಿಲೋಗ್ರಾಂ. ಭಾರ ಮೈಯಿಂದ ದೂರವಾದಂತೆ ಈ ಮಿತಿ ಇಳಿಯುತ್ತದೆ. ಎರಡು ಪಾದಗಳ ಕೀಲುಗಳ ನಡುವಿನಿಂದ ಕೈಗಳಿರುವ ಜಾಗಕ್ಕೆ 25 ಸೆಂಟಿಮೀಟರ್ ದೂರವಿದ್ದರೆ ಪೂರ್ಣ 23 ಕಿಲೋ. 50 ಸೆಂಟಿಮೀಟರ್ ದೂರವಿದ್ದರೆ 25ನ್ನು 50ರಿಂದ ಭಾಗಿಸಿದಷ್ಟು, ಎಂದರೆ ಅರ್ಧ: 11.5 ಕಿಲೋ. ಸೊಂಟ ತಿರುಚಿದರೆ, ಪದೇ ಪದೇ ಎತ್ತಿದರೆ, ಹಿಡಿತ ಸರಿಯಿಲ್ಲದಿದ್ದರೆ ಇನ್ನೂ ಇಳಿಯುತ್ತದೆ. ಈಗ ನಮ್ಮ ಹಮಾಲಿಯ ಬೆನ್ನಿನ ಮೇಲಿರುವ ಸಿಮೆಂಟ್ ಚೀಲದ ತೂಕವನ್ನು ನೆನಪಿಸಿಕೊಳ್ಳಿ: 50 ಕಿಲೋ. ಈ ಎರಡು ಅಂಕಿಗಳ ನಡುವಿನ ಅಂತರದಲ್ಲಿಯೇ ನಿಮಗಾಗಿ ಒಂದು ಜೀವಮಾನದ ಕೆಲಸ ಕಾದಿದೆ.

ಈಗ ವಿದ್ಯಾಭ್ಯಾಸದ ವಿಚಾರಕ್ಕೆ ಬರೋಣ. ಎರ್ಗಾನಮಿಕ್ಸ್ ಹಲವು ಶಾಸ್ತ್ರಗಳ ಸಂಗಮ. ಆದ್ದರಿಂದ ಇದಕ್ಕೆ ಒಂದೇ ಬಾಗಿಲಿಲ್ಲ, ಹಲವಿವೆ. ಸಾಮಾನ್ಯವಾಗಿ ಮೊದಲು ಒಂದು ಮೂಲಶಾಸ್ತ್ರದಲ್ಲಿ ಪದವಿ ಪಡೆದು, ಸ್ನಾತಕೋತ್ತರ ಹಂತದಲ್ಲಿ ಇತ್ತ ತಿರುಗುವುದು ರೂಢಿ.

ಪಿ.ಯು.ಸಿ.ಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತಗಳ ಜೊತೆಗೆ ಜೀವಶಾಸ್ತ್ರವನ್ನೂ ತೆಗೆದುಕೊಂಡವರಿಗೆ ಹೆಚ್ಚು ದಾರಿಗಳು ತೆರೆದಿರುತ್ತವೆ. ಎಂಜಿನಿಯರಿಂಗ್ ಕಡೆಗೆ ಹೋಗುವವರಿಗೆ ಮೆಕ್ಯಾನಿಕಲ್ ಅಥವಾ ಇಂಡಸ್ಟ್ರಿಯಲ್ ಎಂಜಿನಿಯರಿಂಗ್ ಹತ್ತಿರದ ಶಾಖೆಗಳು. ದೇಹದ ಕಡೆ ಒಲವಿರುವವರು ಫಿಸಿಯೋಥೆರಪಿ, ಆಕ್ಯುಪೇಷನಲ್ ಥೆರಪಿ ಅಥವಾ ಶರೀರಕ್ರಿಯಾಶಾಸ್ತ್ರವನ್ನು ಆರಿಸಿಕೊಳ್ಳಬಹುದು. ಕಲಾ ವಿಭಾಗದವರು ನಿರಾಶರಾಗಬೇಕಿಲ್ಲ. ಮನೋವಿಜ್ಞಾನದಲ್ಲಿ ಪದವಿ ಪಡೆದವರಿಗೆ ಎರಡನೆಯ ಶಾಖೆಯಲ್ಲಿ ಒಳ್ಳೆಯ ಸ್ಥಾನವಿದೆ. ಹಳ್ಳಿಯ ಬದುಕಿನ ಪರಿಚಯವಿರುವವರಿಗೆ ಇನ್ನೊಂದು ದಾರಿ ಗೃಹವಿಜ್ಞಾನ, ಈಗಿನ ಹೆಸರಿನಲ್ಲಿ ಸಮುದಾಯ ವಿಜ್ಞಾನ. ಧಾರವಾಡದ ಕೃಷಿ ವಿಶ್ವವಿದ್ಯಾನಿಲಯದಲ್ಲಿ ರೈತ ಮಹಿಳೆಯರ ಶ್ರಮವನ್ನು ಅಳೆಯುವ, ಅದನ್ನು ತಗ್ಗಿಸುವ ಸಾಧನಗಳನ್ನು ಪರೀಕ್ಷಿಸುವ ಸಂಶೋಧನೆ ನಡೆದುಬಂದಿದೆ.

ವಿನ್ಯಾಸದ ಮೂಲಕವೂ ಬರಬಹುದು. ಪಿ.ಯು.ಸಿ. ನಂತರ ವಿನ್ಯಾಸದ ಪದವಿಗೆ ಯುಸೀಡ್, ಪದವಿಯ ನಂತರ ಎಂ.ಡೆಸ್. ಕೋರ್ಸಿಗೆ ಸೀಡ್ ಎಂಬ ಪ್ರವೇಶ ಪರೀಕ್ಷೆಗಳನ್ನು ಮುಂಬೈಯ ಐ.ಐ.ಟಿ. ನಡೆಸುತ್ತದೆ. ರಾಷ್ಟ್ರೀಯ ವಿನ್ಯಾಸ ಸಂಸ್ಥೆಗೆ ತನ್ನದೇ ಪರೀಕ್ಷೆಯಿದೆ. ಅದರ ಒಂದು ಕ್ಯಾಂಪಸ್ ಬೆಂಗಳೂರಿನಲ್ಲಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, ಮುಂಬೈ ಮತ್ತು ಗುವಾಹಟಿಯ ಐ.ಐ.ಟಿ.ಗಳು ವಿನ್ಯಾಸದ ಸ್ನಾತಕೋತ್ತರ ಶಿಕ್ಷಣ ನೀಡುತ್ತವೆ; ಎರ್ಗಾನಮಿಕ್ಸ್ ಅಲ್ಲಿ ಪಾಠವೂ ಹೌದು, ಸಂಶೋಧನೆಯ ವಿಷಯವೂ ಹೌದು. ಕಲ್ಕತ್ತಾ ವಿಶ್ವವಿದ್ಯಾನಿಲಯದ ಶರೀರಕ್ರಿಯಾಶಾಸ್ತ್ರ ವಿಭಾಗ ಈ ವಿಷಯಕ್ಕೆ ಹಿಂದಿನಿಂದಲೂ ಹೆಸರಾದದ್ದು. ಪ್ರವೇಶದ ನಿಯಮಗಳು ಬದಲಾಗುತ್ತಿರುತ್ತವೆ. ಆಯಾ ವರ್ಷದ ಪ್ರಕಟಣೆಯನ್ನು ನೋಡಿಯೇ ಅರ್ಜಿ ಹಾಕಿ.

ಎಲ್ಲಿಂದ ಬಂದರೂ ಕಲಿಯಬೇಕಾದ ನಾಲ್ಕು ವಿಷಯಗಳಿವೆ: ಅಂಗರಚನೆ ಮತ್ತು ಶರೀರಕ್ರಿಯೆ, ಮನೋವಿಜ್ಞಾನ, ಯಂತ್ರಶಾಸ್ತ್ರದ ಮೂಲತತ್ತ್ವಗಳು ಮತ್ತು ಸಂಖ್ಯಾಶಾಸ್ತ್ರ. ಸಂಖ್ಯಾಶಾಸ್ತ್ರವನ್ನು ಕಡೆಗಣಿಸಬೇಡಿ. ‘ಇಲ್ಲಿ ಎಲ್ಲರಿಗೂ ಬೆನ್ನು ನೋವು’ ಎಂಬ ಮಾತಿಗೂ, ‘ಈ ಸಾಲಿನಲ್ಲಿ 40 ಮಂದಿಯಲ್ಲಿ ಇಷ್ಟು ಮಂದಿಗೆ, ಈ ಯಂತ್ರದ ಮುಂದೆ, ಇಷ್ಟು ಗಂಟೆಯ ನಂತರ’ ಎಂಬ ಮಾತಿಗೂ ವ್ಯತ್ಯಾಸವಿದೆ. ಮೊದಲನೆಯದನ್ನು ಕೇಳಿ ಮಾಲೀಕ ತಲೆಯಾಡಿಸುತ್ತಾನೆ; ಎರಡನೆಯದನ್ನು ಕೇಳಿ ಯಂತ್ರದ ಕಡೆ ನೋಡುತ್ತಾನೆ.

ಉದ್ಯೋಗಾವಕಾಶಗಳ ಬಗ್ಗೆ ನಿಜವನ್ನೇ ಹೇಳಬೇಕು. ‘ಎರ್ಗಾನಮಿಸ್ಟ್ ಬೇಕಾಗಿದ್ದಾರೆ’ ಎಂಬ ಜಾಹೀರಾತು ನಮ್ಮಲ್ಲಿ ಅಪರೂಪ. ವೈದ್ಯರಿಗಿರುವಂತೆ ಕಾನೂನಿನ ನೋಂದಣಿಯೂ ಈ ವೃತ್ತಿಗಿಲ್ಲ. ಆದರೆ ಕೆಲಸ ಬೇರೆ ಬೇರೆ ಹೆಸರಿನಲ್ಲಿ ಇದೆ. ವಾಹನ ತಯಾರಕರಲ್ಲಿ ವಿನ್ಯಾಸ ಎಂಜಿನಿಯರ್, ಕಾರ್ಖಾನೆಗಳಲ್ಲಿ ಸುರಕ್ಷತಾ ಅಧಿಕಾರಿ, ಸಾಫ್ಟ್‌ವೇರ್ ಕಂಪನಿಗಳಲ್ಲಿ ಬಳಕೆದಾರರ ಅನುಭವವನ್ನು ಅಭ್ಯಸಿಸುವ ಸಂಶೋಧಕ, ಆಸ್ಪತ್ರೆಯಲ್ಲಿ ಪುನರ್ವಸತಿ ತಜ್ಞ ಎಂಬ ಹೆಸರುಗಳ ಹಿಂದೆ ಇದೇ ವಿದ್ಯೆ ಇರುತ್ತದೆ. ಸರ್ಕಾರಿ ವಲಯದಲ್ಲಿ ಮುಂಬೈಯ ಕೇಂದ್ರೀಯ ಕಾರ್ಮಿಕ ಸಂಸ್ಥೆ, ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆ ಮತ್ತು ಅದರ ಬೆಂಗಳೂರಿನ ಪ್ರಾದೇಶಿಕ ಕೇಂದ್ರ, ದೆಹಲಿಯಲ್ಲಿರುವ ರಕ್ಷಣಾ ಶರೀರಕ್ರಿಯಾ ಸಂಸ್ಥೆ, ಬೆಂಗಳೂರಿನಲ್ಲಿರುವ ವಾಯುಪಡೆಯ ವೈಮಾನಿಕ ವೈದ್ಯಕೀಯ ಸಂಸ್ಥೆ ಇವುಗಳನ್ನು ಹೆಸರಿಸಬಹುದು. ವಿದೇಶಗಳಲ್ಲಿ ವೃತ್ತಿಪರ ಮಂಡಳಿಗಳು ಸ್ನಾತಕೋತ್ತರ ಮಟ್ಟದ ಓದು, ಕೆಲವು ವರ್ಷಗಳ ಅನುಭವ ಮತ್ತು ಪರೀಕ್ಷೆಯ ನಂತರ ಪ್ರಮಾಣಪತ್ರ ಕೊಡುತ್ತವೆ. ಆದುದರಿಂದ ನನ್ನ ಸಲಹೆ ಇಷ್ಟು: ಅನ್ನಕ್ಕೆ ಆಧಾರವಾಗುವ ಒಂದು ಮೂಲ ಪದವಿಯನ್ನು ಗಟ್ಟಿಮಾಡಿಕೊಳ್ಳಿ, ಅದರ ಮೇಲೆ ಎರ್ಗಾನಮಿಕ್ಸ್ ಕಟ್ಟಿ.

ಇನ್ನೊಂದು ಮಾತು. ಈ ವಿದ್ಯೆ ಎರಡು ಅಲಗಿನ ಕತ್ತಿ. ಇಪ್ಪತ್ತನೆಯ ಶತಮಾನದ ಆರಂಭದ ಹೊತ್ತಿಗೆ ಅಮೆರಿಕದ ಫ್ರೆಡರಿಕ್ ಟೇಲರ್ ಬೆತ್ಲೆಹೆಮ್ ಉಕ್ಕಿನ ಕಾರ್ಖಾನೆಯಲ್ಲಿ ಸಲಿಕೆಯ ಪ್ರಯೋಗ ಮಾಡಿದ. ಒಂದು ಸಲಕ್ಕೆ ಸುಮಾರು 21 ಪೌಂಡ್ ಎತ್ತಿದರೆ ದಿನದ ಕೆಲಸ ಅತಿ ಹೆಚ್ಚು ಆಗುತ್ತದೆ ಎಂದು ಕಂಡುಹಿಡಿದು, ಬೂದಿಗೊಂದು, ಅದಿರಿಗೊಂದು ಬೇರೆ ಬೇರೆ ಸಲಿಕೆ ಮಾಡಿಸಿದ. ಜಾಣ್ಮೆಯ ಕೆಲಸವೇ. ಕೂಲಿಯೂ ಹೆಚ್ಚಿತು. ಆದರೆ 400ರಿಂದ 600 ಮಂದಿ ಮಾಡುತ್ತಿದ್ದ ಕೆಲಸಕ್ಕೆ ಸುಮಾರು 140 ಮಂದಿ ಸಾಕಾಯಿತೆಂದು ಅವನೇ ಬರೆದಿದ್ದಾನೆ. ಉಳಿದವರ ಗತಿಯೇನು? ನಿಮ್ಮ ಅಳತೆಪಟ್ಟಿ ಕಾರ್ಮಿಕನ ನೋವನ್ನು ಇಳಿಸುವುದಕ್ಕೋ, ಅವನಿಂದ ಇನ್ನಷ್ಟು ಹಿಂಡುವುದಕ್ಕೋ? ಸಂಬಳ ಕೊಡುವವನು ಮಾಲೀಕ. ನೋವು ಉಣ್ಣುವವನು ಕಾರ್ಮಿಕ. ಎರ್ಗಾನಮಿಸ್ಟ್ ನಿಲ್ಲುವುದು ಇವರಿಬ್ಬರ ನಡುವೆ. ಎಲ್ಲಿ ನಿಂತರೂ ಅಳತೆಯನ್ನು ತಿದ್ದದಿರುವುದು ಅವನ ಧರ್ಮ.

ಕಾನೂನೂ ನಿಧಾನವಾಗಿ ಈ ಕಡೆ ನೋಡಿದೆ. ನಿಂತು ದುಡಿಯುವವರಿಗೆ ಕುಳಿತುಕೊಳ್ಳಲು ವ್ಯವಸ್ಥೆ ಇರಬೇಕೆಂದು 1948ರ ಕಾರ್ಖಾನೆ ಕಾಯ್ದೆಯ 44ನೆಯ ಕಲಂ ವಿಧಿಸಿತ್ತು. ಅಂಗಡಿಗಳಲ್ಲಿ ದಿನವಿಡೀ ನಿಂತೇ ಇರುವ ನೌಕರರಿಗೆ ಕೂರುವ ಹಕ್ಕನ್ನು ಕೇರಳ 2018ರಲ್ಲಿ, ತಮಿಳುನಾಡು 2021ರಲ್ಲಿ ಕಾನೂನಿನ ಮೂಲಕ ಕೊಟ್ಟವು. ಒಂದು ಸ್ಟೂಲಿಗಾಗಿ ಶಾಸನವೇ ಬೇಕಾಯಿತು ಎಂಬುದನ್ನು ಗಮನಿಸಿ.

ಪದವಿಗಾಗಿ ಕಾಯದೆ ಇಂದೇ ಆರಂಭಿಸಬಹುದಾದ ಒಂದು ಅಭ್ಯಾಸವನ್ನು ಹೇಳುತ್ತೇನೆ. ಟೇಪು, ಕಾಗದ, ಪೆನ್ಸಿಲ್ ಸಾಕು. ನಿಮ್ಮ ತರಗತಿಯ ಮೂವತ್ತು ಮಂದಿ ಕುಳಿತಿರುವಾಗ, ಅವರ ಒಪ್ಪಿಗೆ ಪಡೆದು, ಮೊಣಕಾಲಿನ ಹಿಂಬದಿಯ ಮಡಿಕೆಯಿಂದ ನೆಲದವರೆಗಿನ ಎತ್ತರವನ್ನು ಅಳೆಯಿರಿ. ಅಂಕಿಗಳನ್ನು ಚಿಕ್ಕದರಿಂದ ದೊಡ್ಡದಕ್ಕೆ ಬರೆಯಿರಿ. ಬಳಿಕ ಬೆಂಚಿನ ಎತ್ತರ ಅಳೆದು, ಎಷ್ಟು ಮಂದಿಗೆ ಅದು ಹೆಚ್ಚಾಯಿತು ಎಂದು ಎಣಿಸಿ. ಒಂದು ಪುಟದ ವರದಿ ಬರೆದು ಮುಖ್ಯೋಪಾಧ್ಯಾಯರಿಗೆ ಕೊಡಿ. ಕಾಲು ತೂಗುವವರಿಗೆ ಪಾದವಿಡಲು ಒಂದು ಹಲಗೆ ಹೊಡೆಸಿದರೂ ಸಾಕು, ಒಂದು ಸುಧಾರಣೆ ಆದಂತೆಯೇ. ಎರ್ಗಾನಮಿಸ್ಟ್ ಜೀವನವಿಡೀ ಮಾಡುವುದು ಇದನ್ನೇ: ನೋಡುವುದು, ಕೇಳುವುದು, ಅಳೆಯುವುದು, ಬದಲಿಸುವುದು, ಮತ್ತೆ ಅಳೆಯುವುದು.

ಇವುಗಳಲ್ಲಿ ‘ಕೇಳುವುದು’ ಎಲ್ಲಕ್ಕಿಂತ ಕಷ್ಟದ್ದು. ಇಪ್ಪತ್ತು ವರ್ಷ ಮಗ್ಗದ ಮುಂದೆ ಕುಳಿತವನಿಗೆ ಗೊತ್ತಿರುವುದು ಪುಸ್ತಕದಲ್ಲಿ ಇರುವುದಿಲ್ಲ. ಅವನು ಸೀಟಿನ ಕೆಳಗೆ ಗೋಣಿಚೀಲ ಮಡಿಸಿ ಇಟ್ಟುಕೊಂಡಿದ್ದರೆ, ಕುಡುಗೋಲಿನ ಹಿಡಿಗೆ ಬಟ್ಟೆ ಸುತ್ತಿದ್ದರೆ, ಅದು ಒಂದು ಕೊರತೆಯ ಬಗ್ಗೆ ಅವನು ಬರೆದ ವರದಿ. ಅದನ್ನು ಓದಲು ಬರಬೇಕು. ಈ ದೃಷ್ಟಿಯಿಂದ ದುಡಿಯುವವರ ಮನೆಗಳಿಂದ ಬಂದ ವಿದ್ಯಾರ್ಥಿಗಳಿಗೆ ಒಂದು ಅನುಕೂಲವಿದೆ. ನಾಟಿ ಮುಗಿಸಿ ಬಂದ ತಾಯಿ ಸೊಂಟದ ಮೇಲೆ ಕೈಯಿಟ್ಟುಕೊಂಡು ನಿಧಾನವಾಗಿ ನೆಟ್ಟಗಾಗುವುದನ್ನು ಕಂಡವರಿಗೆ ಈ ಶಾಸ್ತ್ರದ ಮೊದಲ ಪಾಠವನ್ನು ಬೇರೆ ಯಾರೂ ಹೇಳಿಕೊಡಬೇಕಾಗಿಲ್ಲ. ‘ಕೆಲಸ ಅಂದಮೇಲೆ ನೋವು ಇದ್ದದ್ದೇ’ ಎಂದು ನಮ್ಮ ಹಿರಿಯರು ಸುಮ್ಮನಾದರು. ಇದ್ದದ್ದೇ ಹೌದೇ ಎಂದು ಪರೀಕ್ಷಿಸಿ ನೋಡುವ ವಿದ್ಯೆ ಈಗ ನಿಮ್ಮ ಕೈಗೆ ಎಟುಕುವಷ್ಟು ಹತ್ತಿರದಲ್ಲಿದೆ. ನಿಮ್ಮಲ್ಲಿ ಕೆಲವರಾದರೂ ಅದನ್ನು ಕೈಗೆತ್ತಿಕೊಳ್ಳಲಿ ಎಂದು ಹಾರೈಸುತ್ತೇನೆ.